ಬೆಂಗಳೂರಿನ ತಾರಸಿಯಿಂದ ನೀಹಾರಿಕೆಯ ಫೋಟೊ: ರೋಸೆಟ್ ಹಿಡಿಯುವ ಪೂರ್ಣ ವಿಧಾನ

ಬೆಂಗಳೂರಿನ ನಡುವೆ ತಾರಸಿಯ ಮೇಲೆ ನಿಂತರೆ ಜನವರಿಯ ತಿಳಿ ರಾತ್ರಿಯಲ್ಲೂ ಆಕಾಶಗಂಗೆ ಕಾಣುವುದಿಲ್ಲ. ಲುಬ್ಧಕ, ಆರ್ದ್ರಾ, ರೋಹಿಣಿ, ಮಹಾವ್ಯಾಧನ ಸೊಂಟದ ಮೂರು ಚುಕ್ಕೆ, ಇನ್ನೊಂದಷ್ಟು ನಕ್ಷತ್ರ, ಅಷ್ಟೇ. ಆದರೂ ಆರ್ದ್ರಾದಿಂದ ಪೂರ್ವಕ್ಕೆ ಹತ್ತು ಡಿಗ್ರಿಯೊಳಗೆ, ಬರಿಗಣ್ಣಿಗೆ ಏನೂ ಇಲ್ಲದಂತೆ ತೋರುವ ಜಾಗದಲ್ಲಿ, ರೋಸೆಟ್ ನೀಹಾರಿಕೆ ಹರಡಿಕೊಂಡಿದೆ. ಸುಮಾರು 5,000 ಜ್ಯೋತಿರ್ವರ್ಷ ದೂರದ ಈ ಹೈಡ್ರೋಜನ್ ಮೋಡದ ಅಗಲ ಆಕಾಶದಲ್ಲಿ ಎರಡೂವರೆ ಹುಣ್ಣಿಮೆ ಚಂದ್ರರಷ್ಟು. ಅದರ ಎಸಳುಗಳನ್ನೂ ನಡುವಿನ ಕಪ್ಪು ದೂಳಿನ ಎಳೆಗಳನ್ನೂ ಇದೇ ತಾರಸಿಯಿಂದ ಚಿತ್ರದಲ್ಲಿ ಹಿಡಿಯಬಹುದು. ಬೇಕಾಗುವುದು ಸರಿಯಾದ ಫಿಲ್ಟರ್, ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ, ನಂಬಬಹುದಾದ ಮೌಂಟ್, ಒಂದೇ ಗುರಿಯ ಮೇಲೆ ಹತ್ತು ಹನ್ನೆರಡು ಗಂಟೆ ಕೂರುವ ಸಂಯಮ. ಟೆಲಿಸ್ಕೋಪ್ ದೊಡ್ಡದಾಗಿರಬೇಕಿಲ್ಲ.

ನಗರದಲ್ಲಿ ಇದು ಹೇಗೆ ಸಾಧ್ಯ

ಬೀದಿಯ ಬಿಳಿ ಎಲ್ಇಡಿ ದೀಪದ ಬೆಳಕು ನೀಲಿಯಿಂದ ಕೆಂಪಿನವರೆಗೆ ಎಲ್ಲ ತರಂಗಾಂತರಗಳಲ್ಲೂ ಹರಡಿರುತ್ತದೆ. ನೀಹಾರಿಕೆಯ ಅನಿಲ ಹಾಗಲ್ಲ. ಒಳಗಿರುವ ಬಿಸಿ ನಕ್ಷತ್ರಗಳ ನೇರಳಾತೀತ ಕಿರಣದಿಂದ ಕೆರಳಿದ ಹೈಡ್ರೋಜನ್ 656.3 ನ್ಯಾನೊಮೀಟರ್‌ನ ಕೆಂಪಿನಲ್ಲಿ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ 495.9 ಮತ್ತು 500.7 ನ್ಯಾನೊಮೀಟರ್‌ನ ನೀಲಿ-ಹಸಿರಿನಲ್ಲಿ ಹೊಳೆಯುತ್ತವೆ. ಮೊದಲನೆಯದನ್ನು ಹೈಡ್ರೋಜನ್ ಆಲ್ಫಾ ಎಂದೂ ಎರಡನೆಯದನ್ನು ಓ-3 ಎಂದೂ ಕರೆಯುತ್ತಾರೆ.

ಡ್ಯುಯಲ್ ನ್ಯಾರೋಬ್ಯಾಂಡ್ ಫಿಲ್ಟರ್ ಈ ಎರಡು ಜಾಗದಲ್ಲಿ ಮಾತ್ರ ಕಿಟಕಿ ತೆರೆದಿಟ್ಟು ಉಳಿದುದನ್ನೆಲ್ಲ ತಡೆಯುತ್ತದೆ. ಕಿಟಕಿ 7 ನ್ಯಾನೊಮೀಟರ್ ಅಗಲದ್ದಾದರೆ ಎರಡೂ ಸೇರಿ 14. ಕಣ್ಣಿಗೆ ಕಾಣುವ ಬೆಳಕಿನ ಪಟ್ಟಿ ಸುಮಾರು 300 ನ್ಯಾನೊಮೀಟರ್. ಅಂದರೆ ಊರಿನ ಬೆಳಕಿನಲ್ಲಿ ಇಪ್ಪತ್ತರಲ್ಲೊಂದು ಪಾಲು ಮಾತ್ರ ಒಳಬರುತ್ತದೆ, ನೀಹಾರಿಕೆಯ ಬೆಳಕು ಬಹುಪಾಲು ಉಳಿಯುತ್ತದೆ.

ಇದರಿಂದಲೇ ಮಿತಿಯೂ ಗೊತ್ತಾಗುತ್ತದೆ. ಕೃತ್ತಿಕೆಯ ಸುತ್ತಲಿನ ನೀಲಿ ಮಬ್ಬು ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ದೂಳು. ಆ್ಯಂಡ್ರೊಮಿಡಾ ಗ್ಯಾಲಕ್ಸಿ ಕೋಟ್ಯಂತರ ನಕ್ಷತ್ರಗಳ ಬೆಳಕು. ಇವು ಬೀದಿದೀಪದಂತೆಯೇ ಎಲ್ಲ ಬಣ್ಣಗಳಲ್ಲೂ ಹರಡಿರುವುದರಿಂದ ಈ ಫಿಲ್ಟರ್ ಅವುಗಳಿಗೆ ನೆರವಾಗದು. ಅವುಗಳಿಗೆ ಊರಾಚೆಯ ಕತ್ತಲೆಯೇ ಬೇಕು. ತಾರಸಿಯ ಸಮಯವನ್ನು ಸ್ವತಃ ಹೊಳೆಯುವ ಅನಿಲದ ಮೋಡಗಳಿಗೆ ಮೀಸಲಿಡಿ.

ಗುರಿ ಮತ್ತು ತಿಂಗಳು

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ರೋಸೆಟ್ ಖಗೋಳ ಸಮಭಾಜಕದಿಂದ 5 ಡಿಗ್ರಿ ಉತ್ತರಕ್ಕಿರುವುದರಿಂದ ಇಲ್ಲಿ 82 ಡಿಗ್ರಿ ಎತ್ತರಕ್ಕೆ, ಹೆಚ್ಚುಕಡಿಮೆ ನೆತ್ತಿಗೆ, ಏರುತ್ತದೆ. ನೆತ್ತಿಯ ಕಡೆ ವಾತಾವರಣದ ಪದರ ತೆಳು, ದೂಳು ಕಡಿಮೆ, ಊರಿನ ಬೆಳಕೂ ಕಡಿಮೆ. ಯೂರೋಪಿನವರಿಗೆ ಈ ಅನುಕೂಲ ಇಲ್ಲ. ಜನವರಿ ನಡುವಿನಲ್ಲಿ ರೋಸೆಟ್ ರಾತ್ರಿ ಸುಮಾರು 11.15ಕ್ಕೆ ಅತಿ ಎತ್ತರದಲ್ಲಿರುತ್ತದೆ. 7.30ರ ಹೊತ್ತಿಗೆ ಸಂಜೆಬೆಳಕು ಪೂರ್ತಿ ಆರಿರುತ್ತದೆ, ಆಗಲೇ ಅದು 30 ಡಿಗ್ರಿ ಮೇಲೆ ಬಂದಿರುತ್ತದೆ. ಬೆಳಗಿನ ಜಾವ 3.15ರವರೆಗೂ 30 ಡಿಗ್ರಿಯ ಕೆಳಗಿಳಿಯುವುದಿಲ್ಲ. ಒಂದೇ ರಾತ್ರಿಯಲ್ಲಿ ಏಳೂಮುಕ್ಕಾಲು ಗಂಟೆ ಕೈಗೆ ಸಿಗುತ್ತದೆ. ಮಳೆಗಾಲವೂ ಹಿಂಗಾರೂ ಕಳೆದ ಮೇಲಿನ ತಿಳಿಯಾದ ದಿನಗಳು ಇವೇ ಆದ್ದರಿಂದ ಮೊದಲ ಗುರಿಗೆ ರೋಸೆಟ್‌ಗಿಂತ ಒಳ್ಳೆಯದಿಲ್ಲ.

ಚಂದ್ರನ ವಿಷಯದಲ್ಲಿ ಪಂಚಾಂಗವೇ ಎಚ್ಚರಿಕೆ ಕೊಡುತ್ತದೆ. ಮಾರ್ಗಶಿರ ಮಾಸಕ್ಕೆ ಆ ಹೆಸರು ಬಂದದ್ದು ಹುಣ್ಣಿಮೆಯ ಚಂದ್ರ ಮೃಗಶಿರಾ ನಕ್ಷತ್ರದ ಬಳಿ ಇರುವುದರಿಂದ, ಅಂದರೆ ರೋಸೆಟ್‌ನ ಮಗ್ಗುಲಲ್ಲೇ. ಪುಷ್ಯ ಮಾಸದ ಹುಣ್ಣಿಮೆಯಲ್ಲೂ ಚಂದ್ರ ಮೂವತ್ತು ಡಿಗ್ರಿ ಚಿಲ್ಲರೆ ದೂರದಲ್ಲಿರುತ್ತಾನೆ. ಈ ಎರಡು ತಿಂಗಳಲ್ಲಿ ಹುಣ್ಣಿಮೆಯ ಹಿಂದೆ ಮುಂದೆ ನಾಲ್ಕು ದಿನ ಬಿಟ್ಟುಬಿಡಿ. ಹೈಡ್ರೋಜನ್ ಆಲ್ಫಾ ಬೆಳದಿಂಗಳನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಓ-3 ತಡೆಯುವುದಿಲ್ಲ, ಏಕೆಂದರೆ ಚದುರಿದ ಬೆಳದಿಂಗಳು ನೀಲಿಯ ಕಡೆಗೇ ಹೆಚ್ಚು.

ಸಲಕರಣೆ

ಹಣವನ್ನು ಮೊದಲು ಮೌಂಟ್‌ಗೆ ಇಡಿ. ಭೂಮಿಯ ತಿರುಗುವಿಕೆಯಿಂದ ಆಕಾಶ ಸೆಕೆಂಡಿಗೆ 15 ಆರ್ಕ್ ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗ ಒಂದು ಆರ್ಕ್ ಸೆಕೆಂಡ್) ಸರಿಯುತ್ತದೆ. ಅದನ್ನು ಐದು ನಿಮಿಷ ತಪ್ಪದೆ ಹಿಂಬಾಲಿಸುವುದು ಮೌಂಟ್‌ನ ಕೆಲಸ. ಅದು ಸೋತರೆ ಎಷ್ಟೇ ಒಳ್ಳೆಯ ಲೆನ್ಸ್ ಇದ್ದರೂ ಗೀರುಗಳೇ ಸಿಗುತ್ತವೆ. ಸ್ಕೈವಾಚರ್ ಹೆಚ್ಇಕ್ಯೂ-5 ತರಗತಿಯ ಈಕ್ವಟೋರಿಯಲ್ ಮೌಂಟ್ ಸಾಕು. ಹಾರ್ಮೋನಿಕ್ ಗೇರ್‌ನ ಹೊಸ ಮೌಂಟ್‌ಗಳು ಹಗುರ, ಮೆಟ್ಟಿಲು ಹತ್ತಿಸಲು ಸುಲಭ. ಕಂಪನಿ ಹೇಳುವ ಭಾರದ ಮಿತಿಯಲ್ಲಿ ಅರ್ಧದಷ್ಟನ್ನೇ ಹೇರಿ.

ಕೊಳ್ಳುವ ಮುನ್ನ ಒಂದು ವಿಷಯ ವಿಚಾರಿಸಿ: ಮೌಂಟ್‌ನ ಧ್ರುವಾಕ್ಷ, ಅಂದರೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಬೇಕಾದ ಅಕ್ಷ, ಎಷ್ಟು ಕೆಳಗಿನ ಅಕ್ಷಾಂಶದವರೆಗೆ ಬಾಗುತ್ತದೆ? ಬೆಂಗಳೂರು, ಮಂಗಳೂರಿಗೆ 13, ಕಲಬುರಗಿಗೆ 17 ಡಿಗ್ರಿ ಬೇಕು. ಇಷ್ಟು ಬಾಗಿದ ಮೌಂಟ್‌ನಲ್ಲಿ ಪ್ರತಿಭಾರದ ಸರಳು ಬಹುತೇಕ ನೇರ ಕೆಳಕ್ಕೆ ತೂಗುತ್ತದೆ, ಟ್ರೈಪಾಡ್ ಕಾಲಿಗೆ ಬಡಿಯುವ ಸಂಭವ ಹೆಚ್ಚು. ಮೌಂಟ್ ಮತ್ತು ಟ್ರೈಪಾಡ್ ನಡುವೆ ಕುತ್ತಿಗೆಯಂತೆ ಕೂರುವ ಪಿಯರ್ ಎಕ್ಸ್‌ಟೆನ್ಶನ್ ಹಾಕಿದರೆ ಸಾಮಾನ್ಯವಾಗಿ ತೊಂದರೆ ತಪ್ಪುತ್ತದೆ. ಮೊದಲ ದಿನ ಹಗಲಿನಲ್ಲೇ ಕ್ಲಚ್ ಸಡಿಲಿಸಿ, ಎರಡೂ ಅಕ್ಷಗಳನ್ನು ಕೈಯಿಂದ ತಿರುಗಿಸಿ, ಎಲ್ಲಿ ಏನು ತಾಗುತ್ತದೆ ಎಂದು ನೋಡಿಕೊಳ್ಳಿ.

ಟೆಲಿಸ್ಕೋಪ್‌ಗೆ 60ರಿಂದ 70 ಮಿ.ಮೀ. ವ್ಯಾಸದ, 360 ಮಿ.ಮೀ. ಆಸುಪಾಸಿನ ನಾಭಿದೂರದ ರಿಫ್ರ್ಯಾಕ್ಟರ್ (ಲೆನ್ಸಿನ ಟೆಲಿಸ್ಕೋಪ್) ಸಾಕು, ಅದರ ಗಾಜು ಬಣ್ಣಗಳು ಚದುರುವುದನ್ನು ತಗ್ಗಿಸುವ ‘ಇ.ಡಿ.’ ಬಗೆಯದಾಗಿರಲಿ. ಜೊತೆಗೆ ಅದರದ್ದೇ ಫೀಲ್ಡ್ ಫ್ಲ್ಯಾಟನರ್ ಬೇಕು, ಇಲ್ಲದಿದ್ದರೆ ಅಂಚಿನ ನಕ್ಷತ್ರಗಳು ಗರಿಗಳಾಗುತ್ತವೆ. ಕ್ಯಾಮೆರಾಗೆ ಸೋನಿಯ ಐಎಂಎಕ್ಸ್ 533 ಸೆನ್ಸರ್ ಇರುವ, ತಂಪಾಗಿಸುವ ವ್ಯವಸ್ಥೆಯ ಕಲರ್ ಕ್ಯಾಮೆರಾ ಆರಂಭಕ್ಕೆ ಚೆನ್ನ. ಇದರಲ್ಲಿ ಸೆನ್ಸರ್ ತಾನೇ ಮೂಲೆಯಲ್ಲಿ ಮೂಡಿಸುವ ಹೊಳಪು (ಆ್ಯಂಪ್ ಗ್ಲೋ) ಇಲ್ಲ. ಪಿಕ್ಸೆಲ್ ಗಾತ್ರ 3.76 ಮೈಕ್ರಾನ್. 360 ಮಿ.ಮೀ. ಜೊತೆ ಲೆಕ್ಕ ಹಾಕಿದರೆ ಪ್ರತಿ ಪಿಕ್ಸೆಲ್‌ಗೆ 2.15 ಆರ್ಕ್ ಸೆಕೆಂಡ್, ಚಿತ್ರದ ಚೌಕದ ಬದಿ ಆಕಾಶದಲ್ಲಿ 1.8 ಡಿಗ್ರಿ. ರೋಸೆಟ್ ಸುಮಾರು 1.3 ಡಿಗ್ರಿ. ಸುತ್ತ ಸ್ವಲ್ಪ ಜಾಗ ಬಿಟ್ಟು ಸರಿಯಾಗಿ ಕೂರುತ್ತದೆ.

ಮನೆಯಲ್ಲಿರುವ ಡಿಎಸ್ಎಲ್ಆರ್ ನಡೆಯುವುದಿಲ್ಲವೇ? ನಡೆಯುತ್ತದೆ. ಆದರೆ ಅದರ ಸೆನ್ಸರ್ ಮುಂದಿರುವ ಗಾಜು 656 ನ್ಯಾನೊಮೀಟರ್‌ನ ಕೆಂಪನ್ನು ಬಹುಪಾಲು ತಡೆದು ಕಾಲು ಭಾಗದಷ್ಟನ್ನೇ ಬಿಡುತ್ತದೆ. ಆ ಗಾಜನ್ನು ಬದಲಾಯಿಸಿದ ಕ್ಯಾಮೆರಾ ಆದರೆ ಸರಿ. ಇಲ್ಲದಿದ್ದರೆ ಮಹಾವ್ಯಾಧ ನೀಹಾರಿಕೆಯಂಥ ಪ್ರಖರ ಗುರಿಯಿಂದ ಶುರುಮಾಡಿ, ರೋಸೆಟ್‌ನ ಮೇಲೆ ರಾತ್ರಿಗಳನ್ನು ಕಳೆಯಬೇಡಿ.

ಉಳಿದವು: 30 ಮಿ.ಮೀ. ವ್ಯಾಸ, 120 ಮಿ.ಮೀ. ನಾಭಿದೂರದ ಗೈಡ್ ಸ್ಕೋಪ್ (ನಕ್ಷತ್ರ ನೋಡುತ್ತ ಮೌಂಟ್ ಚಲನೆಯ ತಪ್ಪು ತಿದ್ದಲು, ಅಂದರೆ ಗೈಡಿಂಗ್‌ಗೆ, ಬಳಸುವ ಪುಟ್ಟ ಟೆಲಿಸ್ಕೋಪ್), ಅದಕ್ಕೊಂದು ಚಿಕ್ಕ ಮೊನೊಕ್ರೋಮ್ ಗೈಡ್ ಕ್ಯಾಮೆರಾ, ಇಬ್ಬನಿ ತಡೆಯುವ ಹೀಟರ್ ಪಟ್ಟಿ ಎರಡು, ಫೋಕಸ್ ಮಾಡಲು ಟೆಲಿಸ್ಕೋಪ್ ಬಾಯಿಗಿಡುವ ಸೀಳುಗಳ ಮುಚ್ಚಳ (ಬಹ್ತಿನೋವ್ ಮಾಸ್ಕ್), ಹಳೆಯದಾದರೂ ಸರಿ ಒಂದು ವಿಂಡೋಸ್ ಲ್ಯಾಪ್‌ಟಾಪ್. ತಂತ್ರಾಂಶ ಎಲ್ಲವೂ ಉಚಿತ: ಚಿತ್ರ ತೆಗೆಯಲು ನೀನಾ, ಗೈಡಿಂಗ್‌ಗೆ ಪಿಹೆಚ್‌ಡಿ-2, ಆಕಾಶದ ಜಾಗ ಗುರುತಿಸಲು ಆಸ್ಟ್ಯಾಪ್, ಸಂಸ್ಕರಣೆಗೆ ಸಿರಿಲ್.

ಫ್ಲ್ಯಾಟನರ್‌ನಿಂದ ಸೆನ್ಸರ್‌ಗೆ ಇರಬೇಕಾದ ಅಂತರ ಸಾಮಾನ್ಯವಾಗಿ 55 ಮಿ.ಮೀ. ನಡುವೆ ಫಿಲ್ಟರ್ ಬಂದರೆ ಅದರ ದಪ್ಪದ ಮೂರನೇ ಒಂದು ಭಾಗವನ್ನು ಕೂಡಿಸಬೇಕು. 2 ಮಿ.ಮೀ. ಗಾಜಿಗೆ 55.7. ಈ ಅರ್ಧ ಮುಕ್ಕಾಲು ಮಿಲಿಮೀಟರನ್ನು ಕಡೆಗಣಿಸಿ ತಿಂಗಳುಗಟ್ಟಲೆ ಮೂಲೆಯ ನಕ್ಷತ್ರಗಳ ಜೊತೆ ಗುದ್ದಾಡುವವರು ಬಹಳ. 0.3 ಮತ್ತು 0.5 ಮಿ.ಮೀ. ವಾಷರ್‌ಗಳನ್ನು ಮೊದಲೇ ತರಿಸಿಟ್ಟುಕೊಳ್ಳಿ.

ತಾರಸಿಯನ್ನು ಅಣಿಗೊಳಿಸುವುದು

ಟ್ರೈಪಾಡನ್ನು ತಾರಸಿಯ ನಡುವೆ ಇಡಬೇಡಿ. ಅಲ್ಲಿ ಆರ್‌ಸಿಸಿ ಹಲಗೆ ತೆಳುವಾಗಿ ಮಿಡಿಯುತ್ತದೆ, ಯಾರಾದರೂ ನಡೆದರೆ ಐದು ನಿಮಿಷದ ಚಿತ್ರ ಹಾಳು. ಕೆಳಗೆ ಪಿಲ್ಲರ್ ಇಲ್ಲವೇ ತೊಲೆ ಇರುವ ಜಾಗ ನೋಡಿ ಇಡಿ. ಒಮ್ಮೆ ಜಾಗ ಗೊತ್ತಾದ ಮೇಲೆ ಮೂರು ಕಾಲಿನ ಗುರುತಿಗೆ ಪೇಂಟ್ ಹಚ್ಚಿಬಿಡಿ, ಮುಂದಿನ ರಾತ್ರಿಗಳಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಎಸಿಯ ಹೊರಘಟಕದ ಬಿಸಿಗಾಳಿ, ಹಗಲೆಲ್ಲ ಕಾದ ಶೀಟ್ ಮಾಡು, ಇವುಗಳ ಮೇಲಿಂದ ನೋಡಿದರೆ ನಕ್ಷತ್ರಗಳು ಕುದಿಯುತ್ತವೆ. ಪಕ್ಕದ ಮನೆಯ ದೀಪ ನೇರವಾಗಿ ಟೆಲಿಸ್ಕೋಪ್ ಬಾಯಿಗೆ ಬೀಳುತ್ತಿದ್ದರೆ ಬಟ್ಟೆ ಒಣಹಾಕುವ ತಂತಿಗೆ ದಪ್ಪ ಕಪ್ಪು ಬಟ್ಟೆ ಇಳಿಬಿಡಿ. ಆಕಾಶದ ಬೆಳಕನ್ನು ಫಿಲ್ಟರ್ ನೋಡಿಕೊಳ್ಳುತ್ತದೆ, ನೇರ ಬೆಳಕನ್ನು ನೀವೇ ತಡೆಯಬೇಕು.

ವಿದ್ಯುತ್ತಿನಲ್ಲಿ ಆಗುವ ತಪ್ಪು ವಿಚಿತ್ರ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೌಂಟ್, ಕ್ಯಾಮೆರಾ ಕೂಲರ್, ಹೀಟರ್ ಎಲ್ಲ ಸೇರಿ 12 ವೋಲ್ಟ್‌ನಲ್ಲಿ ಸುಮಾರು 5 ಆ್ಯಂಪಿಯರ್ ಎಳೆಯುತ್ತವೆ. ಅಡಾಪ್ಟರನ್ನು ಕೆಳಗಿನ ಕೋಣೆಯಲ್ಲಿಟ್ಟು 10 ಮೀಟರ್ ಉದ್ದದ, 1.5 ಚದರ ಮಿ.ಮೀ. ತಂತಿ ಎಳೆದರೆ ಹೋಗಿ ಬರುವ 20 ಮೀಟರಿನಲ್ಲಿ 1.2 ವೋಲ್ಟ್ ಸೋರಿಹೋಗುತ್ತದೆ. ಮೇಲೆ ಬರುವುದು 10.8 ವೋಲ್ಟ್. ಆಗ ಕೂಲರ್ ಚಾಲೂ ಆದ ಕ್ಷಣ ಮೌಂಟ್ ನಿಲ್ಲುತ್ತದೆ, ಯುಎಸ್‌ಬಿ ಕಡಿಯುತ್ತದೆ, ದೋಷ ತಂತ್ರಾಂಶದ್ದೆಂದು ಅನ್ನಿಸುತ್ತದೆ. ಅದರ ಬದಲು 12.8 ವೋಲ್ಟ್, 50 ಆ್ಯಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಟ್ರೈಪಾಡ್ ಬುಡದಲ್ಲೇ ಇಡಿ. ಎಂಟು ಗಂಟೆಗೆ 40 ಆ್ಯಂಪಿಯರ್-ಅವರ್ ಖರ್ಚು, ರಾತ್ರಿ ಪೂರ್ತಿ ಸಾಗುತ್ತದೆ, ಕರೆಂಟ್ ಹೋದರೂ ಚಿಂತೆಯಿಲ್ಲ. 230 ವೋಲ್ಟ್‌ನ ಎಕ್ಸ್‌ಟೆನ್ಶನ್ ಮೇಲೆ ತರಲೇಬೇಕಾದರೆ ಇಬ್ಬನಿ ತಾಗದ ಮುಚ್ಚಿದ ಪೆಟ್ಟಿಗೆಯಲ್ಲಿಡಿ, ಭೂಸೋರಿಕೆಗೆ ಟ್ರಿಪ್ ಆಗುವ ಬ್ರೇಕರ್ ಇರುವ ಲೈನಿನಿಂದಲೇ ತನ್ನಿ.

ಧ್ರುವ ಜೋಡಣೆ

ಮೌಂಟ್ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರ ಮಾಡುವುದೇ ಧ್ರುವ ಜೋಡಣೆ. ಪಾಶ್ಚಾತ್ಯ ಮಾರ್ಗದರ್ಶಿಗಳೆಲ್ಲ ಧ್ರುವ ನಕ್ಷತ್ರ ನೋಡಿ ಜೋಡಿಸಿ ಎನ್ನುತ್ತವೆ. ಬೆಂಗಳೂರಿನಲ್ಲಿ ಅದು ಕೇವಲ 13 ಡಿಗ್ರಿ ಎತ್ತರದಲ್ಲಿದೆ. ಎದುರು ಮನೆಯ ನೀರಿನ ಟ್ಯಾಂಕ್ ಅದನ್ನು ಮರೆಮಾಡಿರುತ್ತದೆ, ಇಲ್ಲವೇ ದೂಳಿನಲ್ಲಿ ಕರಗಿರುತ್ತದೆ. ಕಂಡರೂ ಒಂದು ಸಿಕ್ಕಿದೆ: ಅಷ್ಟು ತಗ್ಗಿನಲ್ಲಿ ವಾತಾವರಣದ ವಕ್ರೀಭವನ ಅದನ್ನು ಸುಮಾರು 4 ಆರ್ಕ್ ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್ ಮಿನಿಟ್) ಮೇಲೆತ್ತಿ ತೋರಿಸುತ್ತದೆ.

ಆದ್ದರಿಂದ ನೀನಾದ ಮೂರು ಬಿಂದುಗಳ ಧ್ರುವ ಜೋಡಣೆಯನ್ನು ಬಳಸಿ. ಇದಕ್ಕೆ ಧ್ರುವ ನಕ್ಷತ್ರ ಕಾಣಬೇಕಿಲ್ಲ. ಮೊದಲು ಟ್ರೈಪಾಡನ್ನು ಮಟ್ಟಗೋಲಿನಿಂದ ಸಮ ಮಾಡಿ, ಮೌಂಟ್‌ನ ಎತ್ತರವನ್ನು 13 ಡಿಗ್ರಿಗೆ ಇಟ್ಟು, ಉತ್ತರಕ್ಕೆ ತಿರುಗಿಸಿ. ಉತ್ತರಕ್ಕೆ ಫೋನಿನ ದಿಕ್ಸೂಚಿಯನ್ನು ನೆಚ್ಚಬೇಡಿ, ತಾರಸಿಯೊಳಗಿನ ಕಬ್ಬಿಣದ ಸರಳುಗಳು ಅದನ್ನು ಹತ್ತಿಪ್ಪತ್ತು ಡಿಗ್ರಿ ತಪ್ಪಿಸಬಲ್ಲವು. ಉಪಗ್ರಹ ನಕ್ಷೆಯಲ್ಲಿ ನಿಮ್ಮ ಮನೆಯ ಗೋಡೆ ಉತ್ತರಕ್ಕೆ ಎಷ್ಟು ಕೋನದಲ್ಲಿದೆ ಎಂದು ನೋಡಿ ಪ್ಯಾರಾಪೆಟ್‌ಗೆ ಹೋಲಿಸಿ ತಿರುಗಿಸುವುದು ಹೆಚ್ಚು ಸರಿ. ಬಳಿಕ ತಂತ್ರಾಂಶ ಆಕಾಶದ ಮೂರು ಜಾಗದ ಚಿತ್ರ ತೆಗೆದು, ನಕ್ಷತ್ರಗಳನ್ನು ಗುರುತಿಸಿ, ಅಕ್ಷ ಎಷ್ಟು ತಪ್ಪಿದೆ ಎಂದು ಹೇಳುತ್ತದೆ. ವಕ್ರೀಭವನದ ತಿದ್ದುಪಡಿಯ ಆಯ್ಕೆಯನ್ನು ಆನ್ ಮಾಡಿ. ಎರಡು ತಿರುಪುಗಳನ್ನು ಮೆಲ್ಲಗೆ ತಿರುಗಿಸುತ್ತ ಒಟ್ಟು ತಪ್ಪು 1 ಆರ್ಕ್ ಮಿನಿಟ್‌ಗಿಂತ ಕೆಳಗಿಳಿಯುವವರೆಗೆ ಸರಿಪಡಿಸಿ. ತಿರುಪು ಬಿಗಿಯುವಾಗಲೇ ಅರ್ಧ ಆರ್ಕ್ ಮಿನಿಟ್ ಸರಿದುಬಿಡುವುದುಂಟು, ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಫೋಕಸ್

ಎಫ್/6 (ನಾಭಿದೂರ ವ್ಯಾಸದ ಆರು ಪಟ್ಟು ಇರುವ) ಟೆಲಿಸ್ಕೋಪ್‌ನಲ್ಲಿ ಫೋಕಸ್ ಸರಿಯಿರುವ ವಲಯದ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಕಣ್ಣಂದಾಜು ಸಾಲದು. ಫಿಲ್ಟರ್ ಹಾಕಿಕೊಂಡೇ ಫೋಕಸ್ ಮಾಡಿ, ಆಮೇಲೆ ಹಾಕಿದರೆ ಬಿಂದು ಸರಿಯುತ್ತದೆ. ಲುಬ್ಧಕ ಇಲ್ಲವೇ ಆರ್ದ್ರಾದ ಮೇಲೆ ಬಹ್ತಿನೋವ್ ಮಾಸ್ಕ್ ಇಟ್ಟು, ಮೂರು ಗೆರೆಗಳಲ್ಲಿ ನಡುವಿನದು ಉಳಿದೆರಡರ ಸರಿಮಧ್ಯೆ ಬರುವವರೆಗೆ ತಿರುಗಿಸಿ. ಮಾಸ್ಕ್ ತೆಗೆಯುವುದನ್ನು ಮರೆಯಬೇಡಿ. ಸಂಜೆಯಿಂದ ನಡುರಾತ್ರಿಗೆ ಉಷ್ಣತೆ ಏಳೆಂಟು ಡಿಗ್ರಿ ಇಳಿಯುವಾಗ ಲೋಹದ ಕೊಳವೆ ಕುಗ್ಗುತ್ತದೆ. ಪ್ರತಿ 2 ಡಿಗ್ರಿ ಇಳಿಕೆಗೊಮ್ಮೆ ಮತ್ತೆ ಫೋಕಸ್ ಮಾಡಬೇಕು. ಮೋಟಾರ್ ಫೋಕಸರ್ ಇದ್ದರೆ ಇದನ್ನು ನೀನಾ ತಾನೇ ಮಾಡುತ್ತದೆ. ಮುಂದೆ ಕೊಳ್ಳುವ ಮೊದಲ ವಸ್ತು ಅದೇ ಆಗಿರಲಿ.

ಗೈಡಿಂಗ್

ಪಿಹೆಚ್‌ಡಿ-2ರಲ್ಲಿ ಗೈಡ್ ಸ್ಕೋಪಿನ ನಾಭಿದೂರ, ಪಿಕ್ಸೆಲ್ ಗಾತ್ರ ಸರಿಯಾಗಿ ತುಂಬಿಸಿ. ಕ್ಯಾಲಿಬ್ರೇಶನ್ನನ್ನು ಖಗೋಳ ಸಮಭಾಜಕವೂ ಮಧ್ಯಾಹ್ನರೇಖೆಯೂ (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹೋಗುವ ಗೆರೆ) ಕೂಡುವ ಕಡೆ ಮಾಡಬೇಕು. ಬೆಂಗಳೂರಿನಿಂದ ಅದು ದಕ್ಷಿಣಕ್ಕೆ ತಿರುಗಿ 77 ಡಿಗ್ರಿ ಮೇಲೆ ನೋಡಿದ ಜಾಗ. ಹೆಚ್ಇಕ್ಯೂ-5ರಂಥ ಸಾಮಾನ್ಯ ಗೇರ್ ಮೌಂಟ್‌ಗೆ 2 ಸೆಕೆಂಡ್ ಎಕ್ಸ್‌ಪೋಷರ್ ಸಾಕು. ಹಾರ್ಮೋನಿಕ್ ಮೌಂಟ್‌ನ ದೋಷ ಬೇಗ ಬದಲಾಗುವುದರಿಂದ ಅರ್ಧದಿಂದ 1 ಸೆಕೆಂಡ್ ಇಡಿ. ಹಲವು ನಕ್ಷತ್ರ ನೋಡಿ ಗೈಡ್ ಮಾಡುವ ಆಯ್ಕೆ ಆನ್ ಇರಲಿ. ಗೈಡಿಂಗ್ ಅಸಿಸ್ಟೆಂಟ್ ಅನ್ನು ಐದು ನಿಮಿಷ ಓಡಿಸಿ ಅದು ಹೇಳುವ ಕನಿಷ್ಠ ಚಲನೆಯ ಮೌಲ್ಯಗಳನ್ನು ಒಪ್ಪಿಕೊಳ್ಳಿ. ಒಟ್ಟು ಸರಾಸರಿ (ಆರ್‌ಎಂಎಸ್) ತಪ್ಪು 1 ಆರ್ಕ್ ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಈ ಟೆಲಿಸ್ಕೋಪ್‌ಗೆ ಸಾಕು. ಅಂಕಿಯನ್ನು ಇನ್ನೂ ಇಳಿಸಲು ಹೋಗಿ ಇಡೀ ರಾತ್ರಿ ಕಳೆಯಬೇಡಿ, 2.15 ಆರ್ಕ್ ಸೆಕೆಂಡಿನ ಪಿಕ್ಸೆಲ್‌ನಲ್ಲಿ ಅದು ಕಾಣುವುದಿಲ್ಲ.

ಗೇರ್ ಮೌಂಟ್‌ನಲ್ಲಿ ಪೂರ್ವದ ಕಡೆಗೆ ತುಸು ಭಾರ ಹೆಚ್ಚಿರುವಂತೆ ತೂಗಿಸಿದರೆ ಹಲ್ಲುಗಳು ಒಂದೇ ಕಡೆ ಒತ್ತಿಕೊಂಡಿರುತ್ತವೆ. ಕೇಬಲ್‌ಗಳನ್ನು ಒಟ್ಟಿಗೆ ಕಟ್ಟಿ ಮೌಂಟ್ ಮಧ್ಯದಿಂದ ಇಳಿಸಿ. ಜೋತಾಡುವ ಕೇಬಲ್ ಎಳೆದು ಹಾಳಾಗುವ ಚಿತ್ರಗಳು ಗಾಳಿಯಿಂದ ಹಾಳಾಗುವವುಗಳಿಗಿಂತ ಕಡಿಮೆಯೇನಲ್ಲ.

ಎಕ್ಸ್‌ಪೋಷರ್

ಐಎಂಎಕ್ಸ್ 533ಕ್ಕೆ ಗೇನ್ (ಸೆನ್ಸರ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) 100 ಇಡಿ. ಅಲ್ಲಿ ಸೆನ್ಸರ್ ಕಡಿಮೆ ರೀಡ್ ನಾಯ್ಸ್ (ಚಿತ್ರವನ್ನು ಓದುವಾಗ ಕ್ಯಾಮೆರಾವೇ ಸೇರಿಸುವ ಕಾಳುಕಾಳು) ಸ್ಥಿತಿಗೆ ಬರುತ್ತದೆ. ಉಷ್ಣತೆ ಜನವರಿಯಲ್ಲಿ ಮೈನಸ್ 10 ಡಿಗ್ರಿ, ಏಪ್ರಿಲ್‌ನ ಸೆಕೆಯಲ್ಲಿ 0 ಡಿಗ್ರಿ. ಕೂಲರ್ ಹೊರಗಿನ ಗಾಳಿಗಿಂತ 35 ಡಿಗ್ರಿಯಷ್ಟು ಮಾತ್ರ ಇಳಿಸಬಲ್ಲದು, ಅದನ್ನು 80 ಶೇಕಡಾಕ್ಕಿಂತ ಹೆಚ್ಚು ದುಡಿಸಬೇಡಿ.

7 ನ್ಯಾನೊಮೀಟರ್ ಫಿಲ್ಟರ್ ಜೊತೆ ಒಂದೊಂದು ಚಿತ್ರಕ್ಕೆ 300 ಸೆಕೆಂಡ್. ಆಕಾಶದ ಹಿನ್ನೆಲೆ ಬೆಳಕು ಕ್ಯಾಮೆರಾದ ಸ್ವಂತ ನಾಯ್ಸನ್ನು ಮುಳುಗಿಸುವಷ್ಟು ಉದ್ದ ಇರಬೇಕು, ಚಿತ್ರದ ಬೆಳಕಿನ ಹಂಚಿಕೆ ತೋರುವ ನಕ್ಷೆಯ (ಹಿಸ್ಟೋಗ್ರಾಮ್) ಗುಡ್ಡ ಎಡ ಅಂಚಿನಿಂದ ಸ್ಪಷ್ಟವಾಗಿ ಬಿಟ್ಟುಕೊಂಡಿರಬೇಕು. ಅದಕ್ಕಿಂತ ಉದ್ದ ಮಾಡಿದರೆ ಲಾಭವಿಲ್ಲ, ಒಂದು ವಿಮಾನ ಹಾದರೆ ಹೆಚ್ಚು ನಷ್ಟ. ನಿಮ್ಮ ಮೌಂಟ್ 300 ಸೆಕೆಂಡ್ ತಾಳದಿದ್ದರೆ 180 ಇಡಿ, ಚಿತ್ರಗಳ ಸಂಖ್ಯೆ ಹೆಚ್ಚಿಸಿ.

ಒಟ್ಟು ಸಮಯವೇ ಚಿತ್ರದ ಜೀವ. ಸಿಗ್ನಲ್‌ಗೂ ನಾಯ್ಸ್‌ಗೂ ಇರುವ ಅನುಪಾತ ಸಮಯದ ವರ್ಗಮೂಲದಂತೆ ಏರುತ್ತದೆ. 1 ಗಂಟೆಯ ಎರಡು ಪಟ್ಟು ಗುಣಕ್ಕೆ 4 ಗಂಟೆ ಬೇಕು, ಅದರ ಎರಡು ಪಟ್ಟಿಗೆ 16. ಒಂದು ರಾತ್ರಿಯಲ್ಲಿ ಐದು ನೀಹಾರಿಕೆಗೆ ಒಂದೊಂದು ಗಂಟೆ ಹಂಚಿದರೆ ಐದು ಮಸುಕು ಚಿತ್ರ ಸಿಗುತ್ತವೆ. ರೋಸೆಟ್ ಒಂದಕ್ಕೇ 12 ಗಂಟೆ, ಅಂದರೆ 300 ಸೆಕೆಂಡಿನ 144 ಚಿತ್ರ, ಎರಡು ಮೂರು ರಾತ್ರಿಗಳಲ್ಲಿ ಕೂಡಿಸಿ. ಪ್ರತಿ ಚಿತ್ರ 18 ಎಂಬಿ, ಎಲ್ಲ ಸೇರಿ 2.6 ಜಿಬಿ. ಕಲರ್ ಸೆನ್ಸರ್‌ನಲ್ಲಿ ನಾಲ್ಕರಲ್ಲಿ ಒಂದು ಪಿಕ್ಸೆಲ್ ಮಾತ್ರ ಕೆಂಪಿನದು, ಹೈಡ್ರೋಜನ್ ಆಲ್ಫಾ ಅದರ ಮೇಲಷ್ಟೇ ಬೀಳುತ್ತದೆ. ಸಮಯ ಇಷ್ಟು ಬೇಕಾಗುವುದಕ್ಕೆ ಅದೂ ಒಂದು ಕಾರಣ.

ಮೂರು ಚಿತ್ರಕ್ಕೊಮ್ಮೆ ಡಿದರಿಂಗ್ ಹಾಕಿ. ಟೆಲಿಸ್ಕೋಪ್ ಬೇಕೆಂದೇ ಮುಖ್ಯ ಕ್ಯಾಮೆರಾದ 6ರಿಂದ 10 ಪಿಕ್ಸೆಲ್‌ನಷ್ಟು ಅತ್ತಿತ್ತ ಸರಿಯುವುದೇ ಡಿದರಿಂಗ್. ಗೈಡ್ ಕ್ಯಾಮೆರಾದ ಒಂದು ಪಿಕ್ಸೆಲ್ ಇಲ್ಲಿ ಮುಖ್ಯ ಕ್ಯಾಮೆರಾದ ಮೂರಕ್ಕೆ ಸಮ, ಆದ್ದರಿಂದ ಪಿಹೆಚ್‌ಡಿ-2ರಲ್ಲಿ 2ರಿಂದ 3 ಎಂದು ಕೊಡಿ. ಇದನ್ನು ಬಿಟ್ಟರೆ ಎಲ್ಲ ಚಿತ್ರ ಕೂಡಿಸಿದಾಗ ಮಳೆ ಓರೆಯಾಗಿ ಸುರಿದಂತೆ ಗೆರೆಗಳು ಮೂಡುತ್ತವೆ. ಆಮೇಲೆ ಅವನ್ನು ತೆಗೆಯಲು ಯಾವ ತಂತ್ರಾಂಶದಿಂದಲೂ ಆಗದು.

11 ಗಂಟೆ ದಾಟಿದ ಮೇಲೆ ರೋಸೆಟ್ ಮಧ್ಯಾಹ್ನರೇಖೆ ದಾಟುತ್ತದೆ, ಮೌಂಟ್ ಮಗ್ಗುಲು ಬದಲಾಯಿಸಬೇಕು. ಗುರಿ ನೆತ್ತಿಯ ಬಳಿ ಇರುವಾಗ ಕ್ಯಾಮೆರಾದ ಹಿಂಭಾಗ ಟ್ರೈಪಾಡ್ ಕಾಲಿಗೆ ತೀರಾ ಹತ್ತಿರ ಬರುತ್ತದೆ. ನೀನಾ ತಾನೇ ತಿರುಗಿಸುತ್ತದೆ, ಆದರೂ ಮೊದಲ ಎರಡು ಮೂರು ಸಲ ಎದುರಿಗೆ ನಿಂತು ನೋಡಿ.

ಕ್ಯಾಲಿಬ್ರೇಶನ್ ಚಿತ್ರಗಳು

ಡಾರ್ಕ್, ಅಂದರೆ ಸೆನ್ಸರ್ ತಾನೇ ಮೂಡಿಸುವ ಕಲೆಗಳನ್ನು ಆಮೇಲೆ ಕಳೆಯಲು ಬೇಕಾದ ಕತ್ತಲೆಯ ಚಿತ್ರ: ಮುಚ್ಚಳ ಹಾಕಿ, ಅದೇ ಗೇನ್, ಅದೇ ಉಷ್ಣತೆ, ಅದೇ 300 ಸೆಕೆಂಡ್, 30 ಚಿತ್ರ. ಎರಡೂವರೆ ಗಂಟೆ ಹಿಡಿಯುವ ಈ ಕೆಲಸವನ್ನು ಮೋಡದ ದಿನ ಕತ್ತಲೆ ಬೀರುವಿನೊಳಗೆ ಮಾಡಿಕೊಳ್ಳಬಹುದು. ತಿಂಗಳುಗಟ್ಟಲೆ ಬಳಸಬಹುದು.

ಫ್ಲ್ಯಾಟ್ ಹಾಗಲ್ಲ, ಅದು ಆಯಾ ರಾತ್ರಿಯದ್ದೇ ಆಗಬೇಕು. ಸೆನ್ಸರ್ ಮುಂದಿನ ದೂಳಿನ ನೆರಳು, ಮೂಲೆಗಳ ಮಬ್ಬು ಇವುಗಳ ನಕ್ಷೆ ಅದು. ನಗರದ ಚಿತ್ರದಲ್ಲಿ ಹಿನ್ನೆಲೆ ಬೆಳಕು ಹೆಚ್ಚಿರುವುದರಿಂದ ಫ್ಲ್ಯಾಟ್ ಇಲ್ಲದೆ ನೀಹಾರಿಕೆಯ ಮಸುಕು ಅಂಚುಗಳು ಹೊರಬರುವುದೇ ಇಲ್ಲ. ಕೆಲಸ ಮುಗಿದ ಕೂಡಲೇ, ಕ್ಯಾಮೆರಾ ತಿರುಗಿಸದೆ, ಫೋಕಸ್ ಮುಟ್ಟದೆ, ಟೆಲಿಸ್ಕೋಪ್ ಬಾಯಿಗೆ ಸುಕ್ಕಿಲ್ಲದ ಬಿಳಿ ಬಟ್ಟೆ ಎರಡು ಪದರ ಬಿಗಿದು ಮೇಲೆ ಎಲ್ಇಡಿ ಪ್ಯಾನಲ್ ಇಡಿ. ಹಿಸ್ಟೋಗ್ರಾಮ್ ನಡುವಿಗೆ ಬರುವಂತೆ 30 ಚಿತ್ರ. ಎಲ್ಇಡಿ ಮಿನುಗುವುದರಿಂದ ಒಂದೊಂದು ಎಕ್ಸ್‌ಪೋಷರ್ ಕನಿಷ್ಠ 2 ಸೆಕೆಂಡ್ ಇರಲಿ, ಬೆಳಕು ಹೆಚ್ಚಾದರೆ ಕಾಗದ ಸೇರಿಸಿ ತಗ್ಗಿಸಿ. ಅಷ್ಟೇ ಉದ್ದದ, ಮುಚ್ಚಳ ಹಾಕಿದ 30 ಚಿತ್ರವನ್ನೂ ತೆಗೆಯಿರಿ, ಅವು ಡಾರ್ಕ್ ಫ್ಲ್ಯಾಟ್.

ಸಂಸ್ಕರಣೆ

ಸಿರಿಲ್‌ನಲ್ಲಿ ನಾಲ್ಕು ಫೋಲ್ಡರ್ ಮಾಡಿ: ಲೈಟ್ಸ್, ಡಾರ್ಕ್ಸ್, ಫ್ಲ್ಯಾಟ್ಸ್, ಬಯಾಸಸ್. ಡಾರ್ಕ್ ಫ್ಲ್ಯಾಟ್‌ಗಳನ್ನು ಬಯಾಸಸ್ ಫೋಲ್ಡರಿಗೆ ಹಾಕಿದರೆ ಸರಿಹೋಗುತ್ತದೆ. ಸಾಮಾನ್ಯ ಕಲರ್ ಸ್ಕ್ರಿಪ್ಟ್ ಬದಲು ಹೈಡ್ರೋಜನ್ ಆಲ್ಫಾ ಮತ್ತು ಓ-3 ಬೇರ್ಪಡಿಸುವ ಸ್ಕ್ರಿಪ್ಟ್ ಓಡಿಸಿ. ಕೆಂಪು ಪಿಕ್ಸೆಲ್‌ಗಳಿಂದ ಒಂದು, ಹಸಿರು-ನೀಲಿಯಿಂದ ಇನ್ನೊಂದು, ಹೀಗೆ ಎರಡು ಕಪ್ಪು-ಬಿಳುಪು ಚಿತ್ರ ಸಿಗುತ್ತವೆ. ಸ್ಕ್ರಿಪ್ಟಿಗೆ ಕೊಡುವ ಮುನ್ನ ಎಲ್ಲ ಚಿತ್ರಗಳನ್ನೂ ಒಂದೊಂದಾಗಿ ಕಣ್ಣಾಡಿಸಿ, ಮೋಡ ಹಾದದ್ದು, ನಕ್ಷತ್ರ ಉದ್ದವಾದದ್ದನ್ನು ಎಸೆಯಿರಿ. ವಿಮಾನದ ಗೆರೆ ಇದ್ದರೆ ಎಸೆಯಬೇಡಿ, ಉಳಿದ ಚಿತ್ರಗಳಿಗೆ ಹೊಂದದ ಪಿಕ್ಸೆಲ್‌ಗಳನ್ನು ಕೈಬಿಡುವ ಸಿಗ್ಮಾ ಕ್ಲಿಪಿಂಗ್ ಅದನ್ನು ಅಳಿಸುತ್ತದೆ. ಬೇರೆ ಬೇರೆ ರಾತ್ರಿಯ ಚಿತ್ರಗಳನ್ನು ಆಯಾ ರಾತ್ರಿಯ ಫ್ಲ್ಯಾಟ್‌ನಿಂದ ತಿದ್ದಿದ ಮೇಲೆಯೇ ಒಂದುಗೂಡಿಸಬೇಕು.

ಮುಂದಿನದು ಹಿನ್ನೆಲೆಯ ಏರಿಳಿತ ತೆಗೆಯುವುದು. ಇಲ್ಲಿ ಆತುರ ಬೇಡ. ರೋಸೆಟ್ ಚೌಕದ ಬಹುಭಾಗ ತುಂಬಿರುವುದರಿಂದ ಮಾದರಿ ಬಿಂದುಗಳು ನೀಹಾರಿಕೆಯ ಮೇಲೆ ಬಿದ್ದರೆ ತಂತ್ರಾಂಶ ನೀಹಾರಿಕೆಯನ್ನೇ ಊರಿನ ಬೆಳಕೆಂದು ಅಳಿಸಿಬಿಡುತ್ತದೆ. ಬಿಂದುಗಳನ್ನು ಕೈಯಿಂದ ಮೂಲೆಗಳಲ್ಲಿಟ್ಟು ಮೊದಲ ದರ್ಜೆಯ ಸರಳ ಇಳಿಜಾರನ್ನಷ್ಟೇ ಕಳೆಯಿರಿ. ಸ್ಟಾರ್‌ನೆಟ್ ಎಂಬ ತಂತ್ರಾಂಶದಿಂದ ನಕ್ಷತ್ರಗಳನ್ನು ಬೇರೆ ಮಾಡಿ, ಎರಡೂ ಚಿತ್ರಗಳನ್ನು ಹೈಪರ್ಬೋಲಿಕ್ ಸ್ಟ್ರೆಚ್‌ನಿಂದ ಹಂತಹಂತವಾಗಿ ಬೆಳಗಿಸಿ. ಓ-3 ಕ್ಷೀಣವಾಗಿರುತ್ತದೆ, ಅದಕ್ಕೆ ಹೆಚ್ಚು ಬೆಳಗಿಸಬೇಕು. ಹೈಡ್ರೋಜನ್ ಆಲ್ಫಾವನ್ನು ಕೆಂಪಿಗೆ, ಓ-3ಯನ್ನು ಹಸಿರು ಮತ್ತು ನೀಲಿ ಎರಡಕ್ಕೂ ಕೊಟ್ಟು ಬಣ್ಣದ ಚಿತ್ರ ಕಟ್ಟಿ. ಹೊರ ಎಸಳು ಕೆಂಪು, ಎನ್‌ಜಿಸಿ 2244 ನಕ್ಷತ್ರಗುಚ್ಛದ ಸುತ್ತಲಿನ ನಡುಭಾಗ ನೀಲಿಯ ಕಡೆಗೆ ತಿರುಗಿದರೆ ಸರಿಯಾಗಿದೆ ಎಂದರ್ಥ. ಕೊನೆಗೆ ನಕ್ಷತ್ರಗಳನ್ನು ಮಿತವಾಗಿ ಬೆಳಗಿಸಿ ಸೇರಿಸಿ. ನಾಯ್ಸ್ ಕಡಿಮೆ ಮಾಡುವ ಸಾಧನಗಳನ್ನು ಅರ್ಧ ಬಲದಲ್ಲಿ ಬಳಸಿ. ಮೇಣದಂತೆ ನುಣುಪಾದ ನೀಹಾರಿಕೆಗಿಂತ ಸ್ವಲ್ಪ ಕಾಳುಕಾಳಾಗಿದ್ದರೂ ನಿಜವಾದ ಎಳೆಗಳು ಉಳಿದ ಚಿತ್ರ ಮೇಲು.

ಏನಾದರೂ ಕೆಟ್ಟರೆ

ಎಲ್ಲ ನಕ್ಷತ್ರಗಳೂ ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ಗೈಡಿಂಗ್ ಇಲ್ಲವೇ ಕೇಬಲ್. ನಾಲ್ಕು ಮೂಲೆಯಲ್ಲಿ ಮಾತ್ರ ಉದ್ದವಾಗಿದ್ದರೆ ಫ್ಲ್ಯಾಟನರ್ ಅಂತರ: ಒಂದು 0.5 ಮಿ.ಮೀ. ವಾಷರ್ ಸೇರಿಸಿ ನೋಡಿ, ಹದಗೆಟ್ಟರೆ ತೆಗೆಯಿರಿ. ಒಂದೇ ಮೂಲೆ ಕೆಟ್ಟಿದ್ದರೆ ಕ್ಯಾಮೆರಾ ವಾಲಿದೆ, ತಿರುಪುಗಳನ್ನು ಪರೀಕ್ಷಿಸಿ. ನಕ್ಷತ್ರಗಳು ಗುಂಡಗಿದ್ದೂ ಗಂಟೆಗಂಟೆಗೆ ದಪ್ಪವಾಗುತ್ತಿದ್ದರೆ ಫೋಕಸ್ ಸರಿದಿದೆ. ದಪ್ಪವಾಗುವುದರ ಜೊತೆಗೆ ಮಸುಕೂ ಆಗಿ ಸುತ್ತ ಪ್ರಭಾವಳಿ ಮೂಡಿದರೆ ಲೆನ್ಸಿನ ಮೇಲೆ ಇಬ್ಬನಿ ಕೂತಿದೆ. ಬಟ್ಟೆಯಿಂದ ಒರೆಸಬೇಡಿ, ಹೀಟರ್ ಹೆಚ್ಚಿಸಿ ಕಾಯಿರಿ. ಚಿತ್ರದಲ್ಲಿ ಉಂಗುರಗಳು ಉಳಿದರೆ ಫ್ಲ್ಯಾಟ್ ತೆಗೆಯುವ ಮುನ್ನ ಏನೋ ಅಲುಗಿದೆ.

ಬೆಳಗಾಗುವ ಮುನ್ನ ಮುಚ್ಚಳ ಹಾಕಿಯೇ ಇಳಿಯಿರಿ. ಮುಚ್ಚದೆ ಬಿಟ್ಟ ಟೆಲಿಸ್ಕೋಪ್ ಮೇಲೆ ಸೂರ್ಯ ಬಂದರೆ ಸೆನ್ಸರ್ ಸುಡುತ್ತದೆ, ಬೆಂಕಿಯೂ ಹತ್ತಬಹುದು. ಒದ್ದೆಯಾದ ಸಲಕರಣೆಯನ್ನು ಕೂಡಲೇ ಪೆಟ್ಟಿಗೆಗೆ ತುಂಬದೆ ಫ್ಯಾನಿನಡಿ ಒಂದೆರಡು ಗಂಟೆ ಆರಲು ಬಿಡಿ. ಕರಾವಳಿಯವರು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ತೇವಾಂಶ 40ರಿಂದ 50 ಶೇಕಡಾ ಇರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ.

ರೋಸೆಟ್ ಮುಗಿದ ಮೇಲೆ ಮಾರ್ಚ್ ಹೊತ್ತಿಗೆ ದಕ್ಷಿಣ ದಿಗಂತ ತೆರೆದಿರುವವರು ಕರೀನಾ ನೀಹಾರಿಕೆಯನ್ನು ನೋಡಿ. ಬೆಂಗಳೂರಿನಿಂದ ಅದು 17 ಡಿಗ್ರಿಗಿಂತ ಮೇಲೇರುವುದಿಲ್ಲ. ಆದರೆ ಅಷ್ಟು ತಗ್ಗಿನಲ್ಲೂ ಅದರ ಪ್ರಖರತೆ ಹೈಡ್ರೋಜನ್ ಆಲ್ಫಾದಲ್ಲಿ ಚಿತ್ರ ಕೊಡುತ್ತದೆ. ನೆತ್ತಿಯ ಮೇಲಿನದ್ದೇ ಬೇಕೆನ್ನುವವರಿಗೆ ನವೆಂಬರ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ನೀಹಾರಿಕೆ 67 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅದು ಎರಡೂವರೆ ಡಿಗ್ರಿಯಷ್ಟು ಉದ್ದ, ಈ ಚೌಕದೊಳಗೆ ಹಿಡಿಸದು. ಎರಡು ಭಾಗವಾಗಿ ತೆಗೆದು ಹೊಂದಿಸಬೇಕು.